ಹಿಂದಿನ ಬೆಂಚಿನಲ್ಲಿ ಕೂತ ಮೇಷ್ಟ್ರು

ಅಟ್ಟದಿಂದ ಕೊಬ್ಬರಿ ಇಳಿಯುತ್ತಿತ್ತು. ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂಡಿಟ್ಟರೆ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಮೇಷ್ಟ್ರು ಏಣಿಯ ಮೇಲೆ ನಿಂತು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಆಗಿದ್ದನ್ನು ಕೆಳಕ್ಕೆ ದಾಟಿಸುತ್ತಿದ್ದರು. 2017ರ ಅಕ್ಟೋಬರ್ 14, ಎರಡನೇ ಶನಿವಾರ, ಸಂಜೆ ಐದರ ಹೊತ್ತು. ನಾಲ್ಕು ದಿನಕ್ಕೆ ನರಕ ಚತುರ್ದಶಿ. ಮಗಳು ಫೋನು ಹಿಡಿದುಕೊಂಡು ಬಂದು, “ಅಪ್ಪ, ಬೆಂಗಳೂರಿಂದ ಯಾರೋ ಪೊಲೀಸಂತೆ” ಅಂದಳು.

“ನಿಮ್ ಬ್ರದರ್‌ನ ಕರ್ಕೊಂಡ್ ಬಂದಿದೀವಿ ಸರ್. ಅರೆಸ್ಟ್ ಆಗಿದೆ. ಮನೆಯವ್ರಿಗೆ ಹೇಳ್ಬೇಕಲ್ಲ, ಅದಕ್ಕೆ ಮಾಡ್ದೆ” ಎಂದಿತು ಆ ಕಡೆಯ ದನಿ. ಬಂಧಿಸಿದ ಮೇಲೆ ಮನೆಯವರಿಗೆ ತಿಳಿಸಲೇಬೇಕೆಂದು 1996ರಲ್ಲೇ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, ಆ ಕರೆ ಉಪಕಾರವಲ್ಲ, ಕರ್ತವ್ಯ ಎನ್ನುವುದು ಮೇಷ್ಟ್ರಿಗೆ ಆಗ ಗೊತ್ತಿರಲಿಲ್ಲ. ಅವರು “ಥ್ಯಾಂಕ್ಸ್ ಸರ್” ಅಂದುಬಿಟ್ಟರು. ಆ ಥ್ಯಾಂಕ್ಸು ಈಗಲೂ ಅವರನ್ನು ಚುಚ್ಚುತ್ತದೆ.

ಫೋನ್ ಇಡುವ ಮುಂಚೆ ಪೇದೆ ಇನ್ನೊಂದು ಮಾತು ಸೇರಿಸಿದ. “ಲಾಯರ್ ಯಾರಾದ್ರೂ ಇದಾರಾ? ಇಲ್ದಿದ್ರೆ ಹೇಳಿ, ನಾನೇ ಒಬ್ರನ್ನ ಹೇಳ್ತೀನಿ.”

ತಮ್ಮ ಬೆಂಗಳೂರಿನ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಆರು ತಿಂಗಳ ಕ್ಯಾಷ್ ಬುಕ್ಕಿನಲ್ಲಿ ಹನ್ನೊಂದು ಲಕ್ಷ ಹೊಂದುತ್ತಿಲ್ಲವೆಂದು ಮಾಲೀಕರು ದೂರು ಕೊಟ್ಟಿದ್ದರು. ಆಗಿನ್ನೂ ಐಪಿಸಿಯ ಕಾಲ. ನೌಕರನ ನಂಬಿಕೆದ್ರೋಹಕ್ಕೆ 408, ವಂಚನೆಗೆ 420. ಎರಡಕ್ಕೂ ಗರಿಷ್ಠ ಏಳು ವರ್ಷ, ಎರಡೂ ಜಾಮೀನುರಹಿತ. “ನಾನ್ ಬೇಲಬಲ್” ಎಂಬ ಮಾತು ಕೇಳಿದ ಕೂಡಲೇ ಮನೆಯವರೆಲ್ಲ ಬೇಲೇ ಸಿಗುವುದಿಲ್ಲ ಅಂದುಕೊಂಡರು. ಠಾಣೆಯಲ್ಲೇ ಹಕ್ಕಿನಿಂದ ಬೇಲ್ ಸಿಗದು, ನ್ಯಾಯಾಧೀಶರು ವಿವೇಚಿಸಿ ಕೊಡಬೇಕು ಅನ್ನುವುದಷ್ಟೇ ಅದರ ಅರ್ಥ. ಇದನ್ನು ಬಿಡಿಸಿ ಹೇಳುವವರು ಯಾರೂ ಇಲ್ಲದೆ ಆ ರಾತ್ರಿ ಮೇಷ್ಟ್ರ ತಾಯಿ ಒಂದು ಲೋಟ ನೀರು ಕೂಡ ಕುಡಿಯಲಿಲ್ಲ.

ಮೇಷ್ಟ್ರಿಗೆ ಗೊತ್ತಿದ್ದ ವಕೀಲರು ಒಬ್ಬರೇ. ಅಪ್ಪ ತೀರಿಕೊಂಡಾಗ ಭಾಗದ ಪತ್ರ ಮಾಡಿಸಿಕೊಟ್ಟವರು. “ಕ್ರಿಮಿನಲ್ ನಮ್ದಲ್ಲ ಮೇಷ್ಟ್ರೇ. ಅದ್ರಲ್ಲೂ ಬೆಂಗಳೂರು” ಎಂದು ಅವರು ಹಳೆಯ ಸಹಪಾಠಿಯೊಬ್ಬರ ನಂಬರ್ ಕೊಟ್ಟರು. ಅದು ಸ್ವಿಚ್ ಆಫ್. ರಾಜಾಜಿನಗರದ ನೆಂಟರು, “ನಮ್ ರೋಡಲ್ಲೇ ಒಬ್ರು ಹೈಕೋರ್ಟ್ ಲಾಯರ್ ಇದಾರೆ, ದೊಡ್ ಬೋರ್ಡು” ಅಂದರು. ಇನ್ನೊಬ್ಬ ನೆಂಟರು ತಮ್ಮ ಶಾಸಕರ ಪಿಎಗೆ ಗೊತ್ತಿರುವ ವಕೀಲರ ಹೆಸರು ಹೇಳಿದರು. ರಾತ್ರಿ ಹತ್ತರೊಳಗೆ ಮೇಷ್ಟ್ರ ಹಳೆಯ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಏಳು ಹೆಸರು ಸೇರಿದ್ದವು. ಒಬ್ಬೊಬ್ಬರ ಬಗ್ಗೆಯೂ ಹೇಳಿದವರು ಹೇಳಿದ್ದು ಒಂದೇ ಮಾತು: “ಒಳ್ಳೆಯವರು.”

ಹಲ್ಲು ನೋವು ಬಂದರೆ ದಂತವೈದ್ಯರ ಜಾಹೀರಾತು ಬಸ್ಸಿನ ಬೆನ್ನ ಮೇಲೇ ಇರುತ್ತದೆ. ವಕೀಲರದ್ದು ಇರುವುದಿಲ್ಲ. 1961ರ ವಕೀಲರ ಕಾಯ್ದೆಯಡಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಮಾಡಿರುವ ನಿಯಮಗಳಲ್ಲಿ 36ನೆಯದು, ವಕೀಲರು ಜಾಹೀರಾತು ಕೊಡಕೂಡದು, ಮಧ್ಯವರ್ತಿಗಳನ್ನು ಬಿಟ್ಟು ಕೇಸು ಹಿಡಿಯಕೂಡದು, ಬೋರ್ಡು ಕೂಡ ಹದವಾದ ಅಳತೆಯದ್ದಾಗಿರಬೇಕು ಅನ್ನುತ್ತದೆ. ಆ ವೃತ್ತಿ ಅಂಗಡಿಯಾಗಬಾರದು ಎಂಬ ಒಳ್ಳೆಯ ಉದ್ದೇಶದಿಂದ ಬಂದ ನಿಯಮ. ನಂತರ 2008ರಲ್ಲಿ, ಹೆಸರು, ವಿಳಾಸ, ಓದು, ಯಾವ ಬಗೆಯ ಕೇಸು ನೋಡುತ್ತಾರೆ ಎಂಬಷ್ಟನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಿಕೊಳ್ಳಲು ಬಿಟ್ಟರು. ಊರಿನಲ್ಲಿ ಇದರಿಂದ ತೊಂದರೆಯಿಲ್ಲ. ಯಾರು ಏನು ಅಂತ ಟೀ ಅಂಗಡಿಗೇ ಗೊತ್ತಿರುತ್ತದೆ. ಮಹಾನಗರಕ್ಕೆ ಬಂದಿಳಿದ ಅಪರಿಚಿತನಿಗೆ ಮಾತ್ರ, ನಿಯಮ ಪಾಲಿಸುವ ವಕೀಲರು ಕಾಣಿಸುವುದೇ ಇಲ್ಲ. ಪಾಲಿಸದವರು ತಾವಾಗಿಯೇ ಎದುರಿಗೆ ಬಂದು ನಿಲ್ಲುತ್ತಾರೆ.

ಭಾನುವಾರ ಬೆಳಗಿನ ರೈಲಿಗೆ ಮೇಷ್ಟ್ರು ಮತ್ತು ಮಗಳು ಹೊರಟರು. ಬಂಧಿಸಿದ 24 ಗಂಟೆಯೊಳಗೆ, ದಾರಿಯ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕೋರ್ಟಿಗೆ ರಜೆಯಿದ್ದರೆ ಅವರ ಮನೆಗೇ ಕರೆದೊಯ್ಯುತ್ತಾರೆ. ಈ ‘ಮನೆ’ಯ ವಿಷಯ ಮೇಷ್ಟ್ರಿಗೆ ತಿಳಿಯದು. ಕೋರ್ಟೆಂದರೆ ಪಠ್ಯಪುಸ್ತಕದ ಚಿತ್ರದಲ್ಲಿರುವ ಕೆಂಪು ಕಟ್ಟಡ, ಅಠಾರಾ ಕಚೇರಿ. ಮೆಜೆಸ್ಟಿಕ್ಕಿನಲ್ಲಿ ಮೆಟ್ರೊ ಹತ್ತಿ ವಿಧಾನಸೌಧದ ನಿಲ್ದಾಣದಲ್ಲಿ ಇಳಿದರೆ, 1868ರಲ್ಲಿ ಕಟ್ಟಿ ಮುಗಿಸಿದ, ಒಂದು ಕಾಲಕ್ಕೆ ಸರ್ಕಾರದ ಹದಿನೆಂಟು ಇಲಾಖೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಆ ಕಟ್ಟಡ ಕಬ್ಬನ್ ಪಾರ್ಕಿನ ಹಸಿರಿಗೆ ಒರಗಿ ಭಾನುವಾರದ ನಿದ್ದೆ ಮಾಡುತ್ತಿತ್ತು. ಗೇಟಿನ ಪೊಲೀಸ್ ಇವರ ಚೀಲ ನೋಡಿ ಕೇಳಿದ: “ಯಾವ ಕೇಸು? ಕ್ರಿಮಿನಲ್ಲಾ? ಇದು ಹೈಕೋರ್ಟು ಯಜಮಾನ್ರೇ. ನಿಮ್ದು ನೃಪತುಂಗ ರಸ್ತೆ ಇರ್ಬೇಕು. ಇವತ್ತು ಅಲ್ಲೂ ಯಾರೂ ಇರಲ್ಲ.”

ಬೆಂಗಳೂರಿನ ನ್ಯಾಯಾಲಯಗಳು ಒಂದೇ ಕಡೆ ಇಲ್ಲ ಎಂಬ ಪಾಠ ಹೀಗೆ ಬೀದಿಯಲ್ಲಿ ಆಯಿತು. ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳ ಕಟ್ಟಡ ನೃಪತುಂಗ ರಸ್ತೆಯಲ್ಲಿ; ಸಿಟಿ ಸಿವಿಲ್ ಮತ್ತು ಸೆಷನ್ಸ್ ಕೋರ್ಟಿನ ದೊಡ್ಡ ಸಂಕೀರ್ಣ ಕೆ.ಜಿ. ರಸ್ತೆಯಲ್ಲಿ, ಇನ್ನಷ್ಟು ನ್ಯಾಯಾಲಯಗಳು ದಂಡಿನ ಕಡೆಯ ಮೇಯೊ ಹಾಲ್‌ನಲ್ಲಿ. ವಕೀಲರೂ ಹಾಗೆಯೇ ಹಂಚಿಹೋಗಿದ್ದಾರೆ. ರಾಜಾಜಿನಗರದ ನೆಂಟರು ಹೇಳಿದ ‘ಹೈಕೋರ್ಟ್ ಲಾಯರ್’ ಜಮೀನು ತಕರಾರುಗಳಲ್ಲಿ ಗಟ್ಟಿಗರೇ ಇದ್ದಿರಬಹುದು. ಆದರೆ ಸೋಮವಾರ ಹನ್ನೊಂದಕ್ಕೆ ಮ್ಯಾಜಿಸ್ಟ್ರೇಟರ ಹಾಲ್‌ನಲ್ಲಿ ಕೇಸು ಕೂಗಿದಾಗ ಎದ್ದು ನಿಲ್ಲಲು ಅವರು ಅಲ್ಲಿ ಇರುವುದಿಲ್ಲ.

ಠಾಣೆ ತಲುಪುವಷ್ಟರಲ್ಲಿ ತಮ್ಮನನ್ನು ನ್ಯಾಯಾಧೀಶರ ಮನೆಗೆ ಕರೆದೊಯ್ದು, ಹದಿನಾಲ್ಕು ದಿನದ ನ್ಯಾಯಾಂಗ ಬಂಧನವೂ ಆಗಿಹೋಗಿತ್ತು. ಅವನ ಪರವಾಗಿ ಯಾರೂ ನಿಂತಿರಲಿಲ್ಲ. ಸಂವಿಧಾನದ 22ನೇ ವಿಧಿ, ತನಗೆ ಬೇಕಾದ ವಕೀಲನನ್ನು ಇಟ್ಟುಕೊಳ್ಳುವ ಹಕ್ಕನ್ನು ಬಂಧಿತನಿಗೆ ಕೊಟ್ಟಿದೆ. ಭಾಗಲ್ಪುರದಲ್ಲಿ ಬಂಧಿತರ ಕಣ್ಣಿಗೆ ಆಸಿಡ್ ಹಾಕಿ ಕುರುಡಾಗಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೊದಲ ಸಲ ಹಾಜರುಪಡಿಸಿದಾಗಲೇ ಪುಕ್ಕಟೆ ವಕೀಲರನ್ನು ಪಡೆಯುವ ಹಕ್ಕು ನಿನಗಿದೆ ಎಂದು ಮ್ಯಾಜಿಸ್ಟ್ರೇಟರು ಆರೋಪಿಗೆ ಹೇಳಬೇಕು ಎಂದಿತ್ತು. ತಮ್ಮನಿಗೆ ಅಂಥದ್ದೇನಾದರೂ ಹೇಳಿದ್ದರೇ? ಅವನಿಗೆ ನೆನಪಿಲ್ಲ. “ಹೊಡೆದ್ರಾ ಅಂತ ಕೇಳಿದ್ರು, ಇಲ್ಲ ಅಂದೆ. ಸೈನ್ ಮಾಡು ಅಂದ್ರು, ಮಾಡ್ದೆ.” ಅವನ ನೆನಪು ಅಷ್ಟೇ.

ಠಾಣೆಯೆದುರಿನ ಟೀ ಅಂಗಡಿಯಲ್ಲಿ ಭಾನುವಾರವೂ ಕರಿ ಕೋಟು ತೊಟ್ಟಿದ್ದ ಒಬ್ಬ, ಕರೆಯದೆಯೇ ಬಂದು ಬೆಂಚಿನ ಮೇಲೆ ಪಕ್ಕದಲ್ಲಿ ಕೂತ. ತಮ್ಮನ ಹೆಸರು ಅವನಿಗೆ ಗೊತ್ತಿತ್ತು. ಸೆಕ್ಷನ್ನೂ ಗೊತ್ತಿತ್ತು. ಹೇಗೆ ಗೊತ್ತಾಯಿತು ಎಂದು ಮೇಷ್ಟ್ರಿಗೆ ಹೊಳೆಯಲಿಲ್ಲ, ಮಗಳಿಗೆ ಹೊಳೆಯಿತು. ಅವಳು ಅಪ್ಪನ ಮೊಣಕೈ ಚಿವುಟಿದಳು. “ಅರವತ್ತು ಸಾವಿರ ಅಂಕಲ್. ಎರಡು ದಿನದಲ್ಲಿ ಬೇಲ್, ಗ್ಯಾರಂಟಿ. ಈಗ ಹತ್ತು ಕೊಡಿ, ಬೇಲ್ ಆದ್ಮೇಲೆ ಮಿಕ್ಕಿದ್ದು. ಆಗ್ಲಿಲ್ಲ ಅಂದ್ರೆ ಒಂದು ಪೈಸೆ ಬೇಡ” ಎಂದ ಆತ. ಆ ಹೊತ್ತಿಗೆ ಇದಕ್ಕಿಂತ ನ್ಯಾಯವಾದ ಮಾತು ಇನ್ನೊಂದಿಲ್ಲ ಅನಿಸುತ್ತದೆ. ಕೆಲಸ ಆದರೆ ದುಡ್ಡು. ಬಾವಿ ತೋಡುವವನೂ ಹಾಗೆ ಒಪ್ಪಿಕೊಳ್ಳುವುದಿಲ್ಲ. ಆದರೆ ಫಲಿತಾಂಶಕ್ಕೆ ಗಂಟು ಹಾಕಿದ ಫೀಸನ್ನು ನಮ್ಮ ದೇಶದ ವಕೀಲರು ತೆಗೆದುಕೊಳ್ಳುವಂತಿಲ್ಲ, ಬಾರ್ ಕೌನ್ಸಿಲ್ ನಿಯಮವೇ ಅದನ್ನು ತಡೆಯುತ್ತದೆ. ಬೇಲ್ ಗ್ಯಾರಂಟಿ ಅನ್ನುವವನು ಆ ನಿಯಮ ಓದಿಲ್ಲ, ಇಲ್ಲವೇ ಅವನು ವಕೀಲನೇ ಅಲ್ಲ.

ಮೇಷ್ಟ್ರು ಹತ್ತು ಸಾವಿರ ಕೊಡಲು ಪರ್ಸಿಗೆ ಕೈ ಹಾಕಿದ್ದರು. ತಡೆದದ್ದು ಮಗಳು. ಅದೂ ನಿಯಮ ಗೊತ್ತಿದ್ದಲ್ಲ. ಅವಳು ಎನ್‌ರೋಲ್‌ಮೆಂಟ್ ನಂಬರ್ ಕೇಳಿದಾಗ ಆತ, “ಅದೆಲ್ಲ ಆಫೀಸಲ್ಲಿದೆ ಪುಟ್ಟಾ” ಅಂದಿದ್ದ. ಆ ‘ಪುಟ್ಟಾ’ ಅವಳಿಗೆ ಹಿಡಿಸಲಿಲ್ಲ.

ಸಂಜೆ ಗಾಂಧಿನಗರದ ಒಂದು ಹೆಸರಾಂತ ಕಚೇರಿಗೆ ಹೋದರು. ಶಾಸಕರ ಪಿಎ ಕಡೆಯ ಹೆಸರು ಅದು. ಭಾನುವಾರವಾದರೂ ಕಿಕ್ಕಿರಿದ ಜನ. ಗೋಡೆ ತುಂಬ ಕಂದು ರಟ್ಟಿನ ಕಾನೂನು ವರದಿಗಳು. ಒಂದೂವರೆ ಗಂಟೆ ಕಾದ ಮೇಲೆ ಬಂದ ಜೂನಿಯರ್ ಹುಡುಗ ಬಹಳ ಮರ್ಯಾದೆಯಿಂದ ಹೇಳಿದ. ಸಾಹೇಬರು ಸೀನಿಯರ್ ಅಡ್ವೊಕೇಟ್. ಅವರು ವಕಾಲತ್ತಿಗೆ ಸಹಿ ಹಾಕುವ ಹಾಗಿಲ್ಲ, ಕಕ್ಷಿದಾರರಿಂದ ನೇರವಾಗಿ ಕೇಸು ತೆಗೆದುಕೊಳ್ಳುವ ಹಾಗೂ ಇಲ್ಲ. ನೀವು ಬೇರೊಬ್ಬ ವಕೀಲರನ್ನು ಇಟ್ಟುಕೊಳ್ಳಬೇಕು, ಅವರು ಸಾಹೇಬರಿಗೆ ಬ್ರೀಫ್ ಕೊಡಬೇಕು. ಒಂದು ಸಲ ಎದ್ದು ನಿಂತರೆ ಒಂದು ಲಕ್ಷ. “ಆದ್ರೆ ಸರ್, ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ಬೇಲ್‌ಗೆ ಸಾಹೇಬ್ರು ಯಾಕೆ ಬೇಕು?” ಆ ಇಡೀ ದಿನದಲ್ಲಿ ಮೇಷ್ಟ್ರಿಗೆ ಸಿಕ್ಕಿದ ಒಂದೇ ಪ್ರಾಮಾಣಿಕ ಸಲಹೆ ಇದು, ಅದೂ ಬಿಟ್ಟಿಯಾಗಿ.

ರಾತ್ರಿ ನೆಂಟರ ಮನೆಯಲ್ಲಿ ಮಗಳು ಮೊಬೈಲಿನಲ್ಲಿ ಇ-ಕೋರ್ಟ್ಸ್ ತಾಣ ತೆರೆದಳು. ಕೇಸಿನ ಸ್ಥಿತಿ ನೋಡಲು ಸರ್ಕಾರ ಮಾಡಿಟ್ಟ ತಾಣ ಅದು. ವಕೀಲರ ಹೆಸರು ಹಾಕಿದರೆ ಅವರ ಕೇಸುಗಳೂ ಬರುತ್ತವೆ. ಹಾಜರಿ ಪುಸ್ತಕದ ಏಳು ಹೆಸರನ್ನೂ ಒಂದೊಂದಾಗಿ ಹಾಕಿದಳು. ಒಬ್ಬರದ್ದು ಬರೀ ಓ.ಎಸ್., ಅಂದರೆ ಸಿವಿಲ್ ದಾವೆಗಳು. ಇನ್ನೊಬ್ಬರದ್ದು ಚೆಕ್ ಬೌನ್ಸ್ ಬಿಟ್ಟರೆ ಬೇರೇನಿಲ್ಲ. ಒಬ್ಬರ ಹೆಸರಿಗೆ ಕಳೆದ ಎರಡು ವರ್ಷದ ಒಂದು ಕೇಸೂ ಕಾಣಲಿಲ್ಲ. ಹುಡುಕಾಟ ಪೂರ್ತಿ ನಂಬುವಂಥದ್ದಲ್ಲ, ಒಂದೇ ಹೆಸರಿನವರು ಹತ್ತು ಜನ ಇರುತ್ತಾರೆ, ಕಾಗುಣಿತ ತಪ್ಪಿರುತ್ತದೆ. ಹಾಗಿದ್ದರೂ ‘ಒಳ್ಳೆಯವರು’ ಎಂಬ ಒಂದೇ ಮಾತಿನೊಳಗೆ ಎಷ್ಟು ಬಗೆಯ ಜನ ಇದ್ದಾರೆ ಎಂಬುದು ಗೊತ್ತಾಯಿತು. ಅವರೆಲ್ಲ ಒಳ್ಳೆಯವರೇ ಇರಬಹುದು. ಕಣ್ಣಿನ ಡಾಕ್ಟರೂ ಒಳ್ಳೆಯವರೇ. ಕಾಲು ಮುರಿದಾಗ ಏನು ಮಾಡುತ್ತಾರೆ?

ಸೋಮವಾರ ಬೆಳಗ್ಗೆ ಹತ್ತೂವರೆಗೆ ನೃಪತುಂಗ ರಸ್ತೆ. ಅಲ್ಲಿ ಮೇಷ್ಟ್ರು ಮಾಡಿದ್ದು ಯಾರೂ ಹೇಳಿಕೊಟ್ಟದ್ದಲ್ಲ. ತಮ್ಮನ ಠಾಣೆಯ ಕೇಸುಗಳು ಬರುವ ಕೋರ್ಟ್ ಹಾಲ್ ಯಾವುದೆಂದು ವಿಚಾರಿಸಿ, ಮೊಬೈಲ್ ಸೈಲೆಂಟಿಗಿಟ್ಟು, ಹಿಂದಿನ ಬೆಂಚಿನಲ್ಲಿ ಹೋಗಿ ಕೂತರು. ಇಪ್ಪತ್ತೇಳು ವರ್ಷ ತರಗತಿಯ ಮುಂದೆ ನಿಂತವರು ಮೊದಲ ಸಲ ಹಿಂದೆ ಕೂತು ನೋಡಿದರು. ಮ್ಯಾಜಿಸ್ಟ್ರೇಟ್ ಕೋರ್ಟು ಸಿನಿಮಾದ ಕೋರ್ಟಲ್ಲ. ಕಟಕಟೆಯ ಹತ್ತಿರ ನೂಕುನುಗ್ಗಲು, ಬೆಂಚ್ ಕ್ಲರ್ಕ್ ಕೂಗುವ ನಂಬರು, ಕೈಯಲ್ಲಿ ಬೇಡಿ ಹಿಡಿದು ನಿಂತ ಪೇದೆಗಳು, ಮೇಲೆ ಕಿರ್ರೆನ್ನುವ ಫ್ಯಾನು. ಒಂದು ಕೇಸಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು.

ಆ ಎರಡು ನಿಮಿಷದಲ್ಲಿ ಯಾರು ಹೋಂವರ್ಕ್ ಮಾಡಿಕೊಂಡು ಬಂದಿದ್ದಾರೆ, ಯಾರು ಪಕ್ಕದವನ ಪುಸ್ತಕ ನೋಡುತ್ತಿದ್ದಾರೆ ಎಂದು ಮೇಷ್ಟ್ರಿಗೆ ತಿಳಿಯದೇ? ಕೇಸು ಕೂಗಿದ ಮೇಲೆ ಫೈಲಿನ ದಾರ ಬಿಚ್ಚುವವರು ಕೆಲವರು. ದನಿ ದೊಡ್ಡದು, ಮಾತು ಬರೀ “ಟೈಮ್ ಬೇಕು ಸ್ವಾಮಿ” ಎನ್ನುವವರು ಕೆಲವರು. ತಮ್ಮ ಆರೋಪಿ ಯಾರೆಂದು ತಿರುಗಿ ಹುಡುಕುವವರೂ ಇದ್ದರು. ಅಟ್ಟದ ಮೇಲಿನ ಕಾಯಿಯ ಹಾಗೆ, ಕಿವಿಗೊಟ್ಟರೆ ಯಾವುದು ಆಗಿದೆ ಎಂದು ಗೊತ್ತಾಗುತ್ತಿತ್ತು. ಹನ್ನೊಂದೂವರೆಯ ಸುಮಾರಿಗೆ ನಲವತ್ತರ ಆಸುಪಾಸಿನ ಒಬ್ಬ ಮಹಿಳಾ ವಕೀಲರು ಎದ್ದರು. ಬಣ್ಣ ಮಾಸಿದ ಕೋಟು, ಕೈಯಲ್ಲಿ ಒಂದೇ ಹಾಳೆ. “ಎಫ್‌ಐಆರ್‌ನಲ್ಲಿ ಈ ಹುಡುಗನ ಹೆಸರಿಲ್ಲ ಸ್ವಾಮಿ. ರಿಮಾಂಡ್ ಅರ್ಜಿಯ ಎರಡನೇ ಪುಟದಲ್ಲಿ ಮೊದಲ ಸಲ ಬರುತ್ತೆ. ಆ ಪುಟಕ್ಕೆ ತಾರೀಖೇ ಇಲ್ಲ.” ಅಷ್ಟೇ. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಎರಡನೇ ಪುಟ ತಿರುವಿದರು. ಆವತ್ತು ಬೆಳಗಿನಿಂದ ಅವರು ಯಾರ ಮಾತಿಗೂ ಪುಟ ತಿರುವಿರಲಿಲ್ಲ.

ಮೇಷ್ಟ್ರು ವರಾಂಡದಲ್ಲಿ ಅವರನ್ನು ಹಿಡಿದರು. “ನನ್ ತಮ್ಮ ಕದ್ದಿಲ್ಲ ಮೇಡಂ, ನಮ್ದು ಅಂಥ ಮನೆತನ ಅಲ್ಲ” ಎಂದು ಶುರುಮಾಡಿದವರನ್ನು ಅರ್ಧದಲ್ಲೇ ನಿಲ್ಲಿಸಿ ಅವರು ಕೇಳಿದರು: “ಎಫ್‌ಐಆರ್ ಕಾಪಿ ಇದೆಯಾ?”

ಇರಲಿಲ್ಲ. ಏಳು ಹೆಸರು ಬರೆದುಕೊಂಡಿದ್ದರು, ಅರವತ್ತು ಸಾವಿರದ ಚೌಕಾಸಿ ಮಾಡಿದ್ದರು, ಒಂದು ಲಕ್ಷದ ಮಾತು ಕೇಳಿ ಬಂದಿದ್ದರು. ಎರಡು ದಿನದಲ್ಲಿ ಒಬ್ಬರೂ ಆ ಪ್ರಶ್ನೆ ಕೇಳಿರಲಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ಪ್ರಕಾರ, ಸೂಕ್ಷ್ಮ ಸ್ವರೂಪದ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯಲ್ಲಿ ಪೊಲೀಸರ ವೆಬ್‌ಸೈಟಿಗೆ ಹಾಕಬೇಕು. ವಕೀಲರ ಜೂನಿಯರ್ ಹುಡುಗಿ ಅಲ್ಲೇ ಮೆಟ್ಟಿಲ ಮೇಲೆ ನಿಂತು ಮೊಬೈಲಿನಲ್ಲಿ ಅದನ್ನು ಹುಡುಕಿ ತೆಗೆದಳು. ಮೇಡಂ ಓದಿದರು, ಎರಡು ಸಲ. ಆಮೇಲೆ ಹೇಳಿದರು, “ಏಳು ವರ್ಷದ ಒಳಗಿನ ಸೆಕ್ಷನ್ನು. ನೋಟಿಸ್ ಕೊಟ್ಟು ಕರೀಬೇಕಿತ್ತು, ಕೊಟ್ಟಿಲ್ಲ. ಬೇಲ್ ಆಗಬಹುದು. ಆಗೇ ಆಗುತ್ತೆ ಅಂತ ನಾನು ಹೇಳಲ್ಲ. ಹಬ್ಬದ ರಜೆ ಇದೆ, ಅದಕ್ಕೆ ಮನೆಯವರನ್ನ ತಯಾರು ಮಾಡಿ.” ಫೀಸು ಮೂವತ್ತು ಸಾವಿರ, ಮೂರು ಕಂತು, ಮೂರಕ್ಕೂ ರಸೀದಿ.

ಅವರು ಹೇಳಿದ ನೋಟಿಸ್ ಎಂದರೆ ಆಗಿನ ಸಿಆರ್‌ಪಿಸಿಯ 41ಎ. ಅದಕ್ಕೆ ಜೀವ ಬಂದದ್ದು 2014ರ ಜುಲೈನಲ್ಲಿ, ಅರ್ನೇಶ್ ಕುಮಾರ್ ತೀರ್ಪಿನಿಂದ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಕಂಡಕೂಡಲೇ ಬಂಧಿಸಬಾರದು, ಯಾಕೆ ಬಂಧಿಸಬೇಕಾಯಿತು ಎಂದು ಕಾರಣ ಬರೆದಿಡಬೇಕು, ಮ್ಯಾಜಿಸ್ಟ್ರೇಟರು ಆ ಕಾರಣ ಓದದೆ ಬಂಧನಕ್ಕೆ ಒಪ್ಪಬಾರದು ಎಂದಿತ್ತು ಅದು. ಈಗ ಸೆಕ್ಷನ್ನುಗಳ ನಂಬರೆಲ್ಲ ಬದಲು. 2024ರ ಜುಲೈ 1ರಿಂದ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, 41ಎ ಇದ್ದದ್ದು 35(3) ಆಗಿದೆ, ಐಪಿಸಿಯ 420 ಅನ್ನುವುದು ಭಾರತೀಯ ನ್ಯಾಯ ಸಂಹಿತೆಯ 318(4) ಆಗಿದೆ. ಬೈಗುಳವಾಗಿ ‘ಫೋರ್ ಟ್ವೆಂಟಿ’ ಮಾತ್ರ ಯಾವ ತಿದ್ದುಪಡಿಗೂ ಬಗ್ಗದೆ ಉಳಿದಿದೆ.

ವಕಾಲತ್ತಿಗೆ ತಮ್ಮನ ಸಹಿ ಬೇಕು, ಅವನು ಪರಪ್ಪನ ಅಗ್ರಹಾರದಲ್ಲಿದ್ದಾನೆ. ಹೊಸೂರು ರಸ್ತೆಯ ಹೊಸ ರೋಡ್ ಬಳಿ ಬಸ್ಸಿಳಿದು ಮೇಷ್ಟ್ರು, ಜೂನಿಯರ್ ಹುಡುಗಿ ಇಬ್ಬರೂ ಜೈಲಿಗೆ ಹೋದರು. ಜೈಲಿನ ಅಧಿಕಾರಿಯ ಸಹಿ ಮೊಹರಿನೊಂದಿಗೆ ಹಾಳೆ ವಾಪಸು ಬರುವಾಗ ಸಂಜೆ. ತಮ್ಮನ ಅಕ್ಷರ ಮೇಷ್ಟ್ರೇ ತಿದ್ದಿಸಿದ್ದು. ಕಾಪಿ ಪುಸ್ತಕದಂಥ ದುಂಡು ಅಕ್ಷರ. ಆ ಸಹಿ ಮಾತ್ರ ಗೆರೆ ಬಿಟ್ಟು ಓಡಿತ್ತು.

ಸಂದರ್ಶಕರ ಕಟ್ಟೆಯ ಹತ್ತಿರ ಉಚಿತ ಕಾನೂನು ನೆರವಿನ ಬೋರ್ಡೊಂದಿತ್ತು. ಮೇಷ್ಟ್ರು ಅದನ್ನು ಓದಿದರು, ಓದಿ ಮುಂದೆ ಹೋದರು. ಇದೊಂದು ವಿಷಯದಲ್ಲಿ ಅವರು ತಮ್ಮನ್ನು ತಾವು ಇವತ್ತಿಗೂ ಕ್ಷಮಿಸುವುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಬಂಧನದಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೇಳಬಹುದು. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೂ ಆದಾಯದ ಮಿತಿ ಇಲ್ಲ. ಶನಿವಾರ ರಾತ್ರಿಯೇ ಕೇಳಬಹುದಿತ್ತು. ಗೊತ್ತಿಲ್ಲದ್ದು ಒಂದು ಕಾರಣ. ಬೋರ್ಡು ಓದಿ ಗೊತ್ತಾದ ಮೇಲೂ ಅವರ ಮನಸ್ಸು ಅಂದದ್ದು: ಬಿಟ್ಟಿ ಬರೋ ಲಾಯರ್ ಏನು ಮಾಡಿಯಾನು?

ಸರ್ಕಾರಿ ಶಾಲೆಯ ಮೇಷ್ಟ್ರು ಅವರು. ಊರಿನ ಉಳ್ಳವರು ಮಕ್ಕಳನ್ನು ಕಾನ್ವೆಂಟಿಗೆ ಹಾಕುವಾಗ ಇದೇ ಮಾತು ಆಡುತ್ತಿದ್ದರು, ಮೇಷ್ಟ್ರು ಅದನ್ನು ಕೇಳಿ ಇಪ್ಪತ್ತೇಳು ವರ್ಷ ಒಳಗೊಳಗೇ ಕುದಿದಿದ್ದರು. “ಫೀಸಿಲ್ಲ ಅಂದ್ರೆ ಪಾಠ ಇಲ್ವೇನ್ರೀ?” ಎಂದು ಪಾಲಕರ ಸಭೆಯಲ್ಲಿ ಮೇಜು ಗುದ್ದಿದವರು ಜೈಲಿನ ಬಾಗಿಲಲ್ಲಿ ಅದೇ ಕಾನ್ವೆಂಟಿನ ಅಪ್ಪನಾಗಿ ನಿಂತಿದ್ದರು.

ಮಂಗಳವಾರ ಅರ್ಜಿ ಹಾಕಿದ್ದಾಯಿತು. ಸರ್ಕಾರಿ ವಕೀಲರು ತಕರಾರು ಸಲ್ಲಿಸಲು ಸಮಯ ಕೇಳಿದರು. ಅಂದೇ ಸಂಜೆ ತಿಪಟೂರಿನಲ್ಲಿ ನೀರು ತುಂಬುವ ಹಬ್ಬ. ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು ನೀರು ತುಂಬುವ ತಾಯಿ ಆ ವರ್ಷ ಹಂಡೆಯನ್ನು ಬೋರಲು ಹಾಕಿಟ್ಟರು. ಬುಧವಾರ ನರಕ ಚತುರ್ದಶಿ, ಕೋರ್ಟಿಗೆ ರಜೆ. ಗುರುವಾರ ವಾದ. ಶುಕ್ರವಾರ ಬಲಿಪಾಡ್ಯಮಿ, ಮತ್ತೆ ರಜೆ. ಮೇಡಂ ವಾದಿಸಿದ್ದು ನಾಲ್ಕು ನಿಮಿಷ, ಮೇಷ್ಟ್ರು ಗಡಿಯಾರ ನೋಡಿಕೊಂಡಿದ್ದರು. ಲೆಕ್ಕದ ಪುಸ್ತಕ, ಕಂಪ್ಯೂಟರ್ ಎರಡೂ ಪೊಲೀಸರ ಕೈಯಲ್ಲಿವೆ. ಆರೋಪಿ ತಿದ್ದಲು ಏನೂ ಉಳಿದಿಲ್ಲ. ನೋಟಿಸ್ ಕೊಟ್ಟಿಲ್ಲ, ಯಾಕೆ ಕೊಟ್ಟಿಲ್ಲ ಎಂದು ಬರೆದೂ ಇಲ್ಲ. ಮನೆತನದ ವಿಷಯ ಒಂದು ಮಾತೂ ಬರಲಿಲ್ಲ. ಶನಿವಾರ ಆದೇಶ: ಐವತ್ತು ಸಾವಿರದ ಬಾಂಡು, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ.

ಇನ್ನು ಮುಗಿಯಿತು ಅಂದುಕೊಂಡಾಗ ಪಹಣಿಯ ಸಮಸ್ಯೆ ಎದ್ದಿತು. ಮೇಷ್ಟ್ರು ತಮ್ಮ ತೆಂಗಿನ ತೋಟದ ಪಹಣಿ, ಆಧಾರ್, ಕಂದಾಯದ ರಸೀದಿ ಎಲ್ಲ ತಂದಿದ್ದರು. “ತುಮಕೂರು ಜಿಲ್ಲೇದಾ? ಬೆಂಗಳೂರಿನವ್ರು ಯಾರೂ ಇಲ್ವಾ?” ಎಂದರು ಕಾಗದ ನೋಡಿದವರು. ನೃಪತುಂಗ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದ ಒಬ್ಬ, ಐದು ಸಾವಿರಕ್ಕೆ ಲೋಕಲ್ ಶ್ಯೂರಿಟಿ ತಾನು ಕೊಡಿಸುವುದಾಗಿ ಪಿಸುಗುಟ್ಟಿದ. ಬೇರೆಯವರ ಜಮೀನಿನ ನಕಲಿ ದಾಖಲೆ ತೋರಿಸಿ ಶ್ಯೂರಿಟಿ ಹಾಕುವ ಗುಂಪುಗಳನ್ನು ಪೊಲೀಸರು ಹಿಡಿದ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲಿ ಆಗಾಗ ಬರುವಂಥದ್ದೇ. ಆ ದಾರಿ ತುಳಿದಿದ್ದರೆ ಅಣ್ಣನಿಗೂ ಒಬ್ಬ ಕ್ರಿಮಿನಲ್ ಲಾಯರ್ ಬೇಕಾಗುತ್ತಿತ್ತು.

ಸೋಮವಾರ ಮೇಡಂ ಎದ್ದು ನಿಂತು 1978ರ ಒಂದು ತೀರ್ಪು ಹೆಸರಿಸಿದರು, ಮೋತಿರಾಮ್ ಪ್ರಕರಣ. ಮಧ್ಯಪ್ರದೇಶದ ಒಬ್ಬ ಬಡ ಗಾರೆ ಕೆಲಸದವನು. ಕೆಳ ನ್ಯಾಯಾಲಯ ಕೇಳಿದ್ದು ಹತ್ತು ಸಾವಿರದ ಶ್ಯೂರಿಟಿ. ಅವನ ಅಣ್ಣನೋ ತಮ್ಮನೋ ಮುಂದೆ ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ, ಆಗುವುದಿಲ್ಲ ಎಂದರು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಟೀಕಿಸಿ, ಅವನ ಸ್ವಂತ ಸಾವಿರ ರೂಪಾಯಿ ಬಾಂಡಿನ ಮೇಲೆ ಬಿಡಿ ಎಂದರು. ಒಂದೇ ದೇಶದೊಳಗೆ ಪಕ್ಕದ ಜಿಲ್ಲೆ ಪರದೇಶವಾಗುವುದು ಹೇಗೆ ಎಂಬುದು ಅವರ ಪ್ರಶ್ನೆಯ ತಿರುಳು. ಆ ಪ್ರಶ್ನೆಗೆ ಆಗಲೇ ನಲವತ್ತು ವರ್ಷ ಆಗುತ್ತ ಬಂದಿತ್ತು, ತಿಪಟೂರಿನ ಪಹಣಿ ಇನ್ನೂ ಅದನ್ನೇ ಕೇಳಬೇಕಾಗಿತ್ತು. ನ್ಯಾಯಾಧೀಶರು ಪಹಣಿ ಒಪ್ಪಿದರು. ಬಿಡುಗಡೆಯ ಆದೇಶ ಜೈಲು ಮುಟ್ಟಿ, ತಮ್ಮ ಹೊರಗೆ ಬಂದಾಗ ರಾತ್ರಿ ಎಂಟು ದಾಟಿತ್ತು. ಶನಿವಾರ ತೊಟ್ಟಿದ್ದ ಅದೇ ಅಂಗಿ. “ಅಮ್ಮ ನೀರು ತುಂಬಿದ್ಲಾ?” ಅಂತ ಕೇಳಿದ. ಮೇಷ್ಟ್ರು “ಹ್ಞೂಂ” ಅಂದರು.

ಕೇಸು ಐದು ವರ್ಷ ನಡೆಯಿತು. ಕೊರೊನಾ ಒಂದೂವರೆ ವರ್ಷ ತಿಂದಿತು. ಮಾಲೀಕರ ಕಡೆಯವರು ಹಾಜರುಪಡಿಸಿದ ಕಂಪ್ಯೂಟರ್ ಲೆಕ್ಕದ ಪ್ರಿಂಟುಗಳಿಗೆ, ಸಾಕ್ಷ್ಯ ಕಾಯ್ದೆಯ 65ಬಿ ಪ್ರಕಾರ ಬೇಕಾದ ಪ್ರಮಾಣಪತ್ರ ಇರಲಿಲ್ಲ; ನಗದು ಕೊಟ್ಟ ವೋಚರುಗಳಲ್ಲಿ ಹಲವಕ್ಕೆ ಮಾಲೀಕರದ್ದೇ ಸಹಿಯಿತ್ತು. ಖುಲಾಸೆಯಾಯಿತು. ತಮ್ಮ ಈಗ ಊರಲ್ಲೇ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ, ಪ್ರತಿ ಪುಟಕ್ಕೂ ಯಜಮಾನರ ಸಹಿ ಹಾಕಿಸಿಕೊಂಡೇ ಎದ್ದೇಳುತ್ತಾನಂತೆ.

ಮೇಷ್ಟ್ರಿಗೆ ಇನ್ನೊಂದು ಹೆಸರು ಬಂದಿದೆ. ಬೆಂಗಳೂರಿನಲ್ಲಿ ಊರಿನ ಯಾರದೇ ಹುಡುಗ ಸಿಕ್ಕಿಹಾಕಿಕೊಂಡರೂ ಮೊದಲ ಫೋನು ಅವರಿಗೆ. ಕಾನೂನು ನೆರವಿನ 15100 ನಂಬರು ಅವರ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕದ ಪಕ್ಕ, ಕೆಂಪು ಶಾಯಿಯಲ್ಲಿದೆ. ಕಳೆದ ಶ್ರಾವಣದಲ್ಲಿ, ರಾತ್ರಿ ಊಟದ ಹೊತ್ತಿಗೆ, ಹಳೆಯ ವಿದ್ಯಾರ್ಥಿಯೊಬ್ಬನ ಅಪ್ಪ ಫೋನ್ ಮಾಡಿದರು. ಮಗನನ್ನು ಹೊಡೆದಾಟದ ಕೇಸಿನಲ್ಲಿ ಎತ್ತಿಕೊಂಡು ಹೋಗಿದ್ದಾರೆ, ಬೆಂಗಳೂರಲ್ಲಿ ಒಳ್ಳೆ ಲಾಯರ್ ಒಬ್ಬರನ್ನ ಹೇಳಿ ಮೇಷ್ಟ್ರೇ ಎಂದರು.

“ಎಫ್‌ಐಆರ್ ಕಾಪಿ ಇದೆಯಾ?” ಎಂದು ಕೇಳಿದರು ಮೇಷ್ಟ್ರು.

“ಅದೇನೋ ಗೊತ್ತಿಲ್ಲ ಮೇಷ್ಟ್ರೇ. ಠಾಣೆ ಮುಂದೆ ಕರಿ ಕೋಟಿನವ್ರು ಒಬ್ರು ಸಿಕ್ಕಿದ್ರಂತೆ. ನಮ್ ಭಾವಮೈದ ಈಗ್ಲೇ ಹತ್ತು ಸಾವಿರ ಫೋನ್‌ಪೇ ಮಾಡ್ಬಿಟ್ಟ.”

ಮೇಷ್ಟ್ರು ತಟ್ಟೆ ಪಕ್ಕಕ್ಕೆ ಸರಿಸಿ, ಬೆಳಗಿನ ರೈಲು ಎಷ್ಟು ಹೊತ್ತಿಗೆ ಎಂದು ಮಗಳನ್ನು ಕೇಳಿದರು.